ಹಳೆಯ ಸಂಚಾರಿ ಆರೋಗ್ಯ ವಾಹನದ ವಿದ್ಯುತ್ ವ್ಯವಸ್ಥೆ: ಅಳೆದು ನೋಡಿ ದುರಸ್ತಿ ಮಾಡುವ ಕ್ರಮ

(ಅಧ್ಯಯನ ಲೇಖನ: ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳು, ಕಾರ್ಯದರ್ಶಿಗಳು ಹಾಗೂ ಸಂಚಾರಿ ವಾಹನಗಳ ಚಾಲಕ ಮತ್ತು ತಾಂತ್ರಿಕ ಸಿಬ್ಬಂದಿಯ ಉಪಯೋಗಕ್ಕಾಗಿ)

ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ದೂರವಿರುವ ಗ್ರಾಮಗಳಿಗೆ ನಿಗದಿತ ದಿನಗಳಂದು ಬರುವ ಸಂಚಾರಿ ಆರೋಗ್ಯ ವಾಹನವು ಹೊರನೋಟಕ್ಕೆ ಒಂದು ವಾಹನ. ಒಳಹೊಕ್ಕು ನೋಡಿದರೆ ಅದೊಂದು ಪುಟ್ಟ ಕಟ್ಟಡ. ದೀಪ, ಫ್ಯಾನು, ಸಣ್ಣ ಫ್ರಿಜ್, ಲ್ಯಾಪ್‌ಟಾಪ್, ನೆಬ್ಯುಲೈಸರ್, ಉಪಕರಣಗಳನ್ನು ಕುದಿಸುವ ಸ್ಟೆರಿಲೈಸರ್ ಇವೆಲ್ಲವೂ ಅದರೊಳಗೆ ಇವೆ. ಪಾಶ್ಚಾತ್ಯ ದೇಶಗಳಲ್ಲಿ ಜನರು ಪ್ರವಾಸಕ್ಕೆ ಬಳಸುವ ಮೋಟರ್‌ಹೋಮ್ ಎಂಬ ಚಲಿಸುವ ಮನೆಯ ವಿದ್ಯುತ್ ವ್ಯವಸ್ಥೆಗೂ ನಮ್ಮ ಈ ವಾಹನದ ವ್ಯವಸ್ಥೆಗೂ ಮೂಲತಃ ಭೇದವಿಲ್ಲ. ಎರಡರಲ್ಲಿಯೂ ವಾಹನದ ವಿದ್ಯುತ್ ಒಂದು, ಮನೆಯ ವಿದ್ಯುತ್ ಇನ್ನೊಂದು. ಎರಡೂ ಒಂದೇ ಕಬ್ಬಿಣದ ಮೈಯನ್ನು ಹಂಚಿಕೊಂಡಿವೆ. ವಾಹನ ಹಳೆಯದಾದಂತೆ ತೊಂದರೆಗಳು ಹುಟ್ಟುವುದು ಈ ಹಂಚಿಕೆಯ ಜಾಗಗಳಲ್ಲಿಯೇ.

ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯಂತೆ 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ನವೀಕರಿಸಲಾಗುತ್ತಿಲ್ಲ. ಆದುದರಿಂದ ಈ ಲೇಖನದಲ್ಲಿ ಹಳೆಯ ವಾಹನವೆಂದರೆ 8ರಿಂದ 14 ವರ್ಷ ಓಡಿದ, ಇನ್ನೂ ಕೆಲವು ವರ್ಷ ಓಡಬೇಕಾದ ವಾಹನ. ಅದು ಒಂದು ದಿನ ಬಾರದಿದ್ದರೆ ಆಗುವ ನಷ್ಟವು ಲೆಕ್ಕಪತ್ರದಲ್ಲಿ ಕಾಣುವುದಿಲ್ಲ. ರಕ್ತದೊತ್ತಡದ ಮಾತ್ರೆ ಮುಗಿದ ವೃದ್ಧರು, ತಪಾಸಣೆಯ ದಿನ ತಪ್ಪಿದ ಗರ್ಭಿಣಿಯರು ಅರಳಿಕಟ್ಟೆಯ ಮೇಲೆ ಮಧ್ಯಾಹ್ನದವರೆಗೂ ಕಾದು ಮನೆಗೆ ಮರಳುತ್ತಾರೆ, ಅಷ್ಟೆ. ಕಾರಣ ವಿಚಾರಿಸಿದರೆ ದೊರೆಯುವ ಉತ್ತರ ಬಹುತೇಕ ಒಂದೇ: "ಬ್ಯಾಟರಿ ಹೋಗಿದೆ."

ಬ್ಯಾಟರಿ ನಿಜವಾಗಿಯೂ ಹೋಗಿದೆಯೇ ಎಂಬುದನ್ನು ಅಳೆದು ನೋಡಿದವರು ವಿರಳ. ಹಳೆಯ ವಾಹನದಲ್ಲಿ ದೋಷವು ಉಪಕರಣಕ್ಕಿಂತ ಹೆಚ್ಚಾಗಿ ಉಪಕರಣಗಳನ್ನು ಜೋಡಿಸುವ ತುದಿಗಳಲ್ಲಿ, ಬೋಲ್ಟುಗಳಲ್ಲಿ, ತಂತಿಗಳಲ್ಲಿ ಇರುತ್ತದೆ ಎಂಬುದೂ, ಅದನ್ನು ಕಣ್ಣಿನಿಂದ ಕಾಣಲಾಗದು, ಭಾರ ಹೊತ್ತಿರುವಾಗ ಮೀಟರಿನಿಂದ ಅಳೆದೇ ಕಾಣಬೇಕು ಎಂಬುದೂ ಈ ಲೇಖನದ ವಿಷಯ. ಇದಕ್ಕೆ ಬೇಕಾದ ಸಾಧನ ಒಂದು ಸಾಮಾನ್ಯ ಡಿಜಿಟಲ್ ಮಲ್ಟಿಮೀಟರ್. ಅದರ ಬೆಲೆ ಒಂದು ಬ್ಯಾಟರಿಯ ಬೆಲೆಯ ಒಂದು ಸಣ್ಣ ಭಾಗ ಮಾತ್ರ.

ವ್ಯವಸ್ಥೆಯ ಸ್ವರೂಪ

ವಾಹನದಲ್ಲಿ ಮೂರು ಬಗೆಯ ವಿದ್ಯುತ್ ಇರುತ್ತದೆ. ಮೊದಲನೆಯದು ಎಂಜಿನ್ ಚಾಲನೆಯ 12 ವೋಲ್ಟ್ ವ್ಯವಸ್ಥೆ: ಚಾಲನಾ ಬ್ಯಾಟರಿ, ಸೆಲ್ಫ್ ಮೋಟಾರ್, ಹಾಗೂ ಮೆಕ್ಯಾನಿಕ್‌ಗಳು ಇಂದಿಗೂ ಡೈನಮೋ ಎಂದೇ ಕರೆಯುವ ಆಲ್ಟರ್ನೇಟರ್. ಎರಡನೆಯದು ಸೇವಾ ಬ್ಯಾಟರಿಯ 12 ವೋಲ್ಟ್ ವ್ಯವಸ್ಥೆ. ದೀಪ, ಫ್ಯಾನು, ಫ್ರಿಜ್ ಮತ್ತು ಇನ್ವರ್ಟರ್ ಇದರಿಂದ ನಡೆಯುತ್ತವೆ. ಮೂರನೆಯದು 230 ವೋಲ್ಟ್ ವ್ಯವಸ್ಥೆ; ಇದು ಇನ್ವರ್ಟರ್‌ನಿಂದ ಬರಬಹುದು, ಅಥವಾ ಶಿಬಿರದ ಸ್ಥಳದಲ್ಲಿ ಗ್ರಾಮ ಪಂಚಾಯತಿ ಕಚೇರಿ, ಶಾಲೆ, ಅಂಗನವಾಡಿ ಕೇಂದ್ರಗಳ ಪ್ಲಗ್ಗಿನಿಂದ ವೈರ್ ಎಳೆದು ಪಡೆಯಬಹುದು. ದೊಡ್ಡ ಬಸ್ಸಿನ ಚಾಸಿಸ್ ಮೇಲೆ ಕಟ್ಟಿದ ವಾಹನವಾದರೆ ಎಂಜಿನ್ ವ್ಯವಸ್ಥೆ 24 ವೋಲ್ಟ್ ಇರುತ್ತದೆ. ಅಲ್ಲಿ ಮುಂದೆ ಹೇಳುವ ಬ್ಯಾಟರಿ ಅಂಕಿಗಳನ್ನು ದ್ವಿಗುಣ ಮಾಡಿಕೊಳ್ಳತಕ್ಕದ್ದು.

ಚಾಲನಾ ಬ್ಯಾಟರಿ ಮತ್ತು ಸೇವಾ ಬ್ಯಾಟರಿಗಳ ನಡುವೆ ಒಂದು ರಿಲೇ ಇರುತ್ತದೆ. ಎಂಜಿನ್ ಓಡುವಾಗ ಅದು ಎರಡನ್ನೂ ಕೂಡಿಸಿ ಚಾರ್ಜ್ ಆಗಲು ಬಿಡುತ್ತದೆ. ಎಂಜಿನ್ ನಿಂತಾಗ ಬೇರ್ಪಡಿಸುತ್ತದೆ. ಫ್ಯಾನು, ದೀಪಗಳು ಸಂಜೆಯವರೆಗೆ ಉರಿದರೂ ಎಂಜಿನ್ ಚಾಲೂ ಆಗಲು ಬೇಕಾದ ವಿದ್ಯುತ್ ಉಳಿದಿರಲಿ ಎಂಬುದು ಇದರ ಉದ್ದೇಶ. ಹಳೆಯ ವಾಹನಗಳಲ್ಲಿ ಈ ರಿಲೇಯ ಸಂಪರ್ಕ ಬಿಂದುಗಳು ಸುಟ್ಟು ಅಂಟಿಕೊಂಡಿರುತ್ತವೆ, ಇಲ್ಲವೇ ಸಂಪರ್ಕವನ್ನೇ ಕೊಡುವುದಿಲ್ಲ. ಅಂಟಿಕೊಂಡಿದ್ದರೆ ಶಿಬಿರ ಮುಗಿಯುವ ಹೊತ್ತಿಗೆ ಎರಡು ಬ್ಯಾಟರಿಗಳೂ ಒಟ್ಟಿಗೆ ಇಳಿಯುತ್ತವೆ. ಸಂಪರ್ಕ ತಪ್ಪಿದ್ದರೆ ಸೇವಾ ಬ್ಯಾಟರಿ ಎಷ್ಟು ದೂರ ಓಡಿದರೂ ತುಂಬುವುದಿಲ್ಲ. ಪರೀಕ್ಷೆ ಸುಲಭ. ಎಂಜಿನ್ ಓಡುತ್ತಿರುವಾಗ ಎರಡೂ ಬ್ಯಾಟರಿಗಳ ಮೇಲೆ 13.8ರಿಂದ 14.4 ವೋಲ್ಟ್ ಕಾಣಬೇಕು. ಎಂಜಿನ್ ನಿಲ್ಲಿಸಿ ಅರ್ಧ ಗಂಟೆಯ ನಂತರ ಫ್ಯಾನು, ದೀಪ ಹಾಕಿದರೆ ಸೇವಾ ಬ್ಯಾಟರಿಯ ವೋಲ್ಟೇಜ್ ಮಾತ್ರ ಇಳಿಯಬೇಕು.

"ಬ್ಯಾಟರಿ ಹೋಗಿದೆ" ಎನ್ನುವ ಮುನ್ನ

12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿಯಲ್ಲಿ ಆರು ಕೋಶಗಳಿರುತ್ತವೆ. ಪೂರ್ಣ ಚಾರ್ಜ್ ಆಗಿ, ಯಾವುದೇ ಭಾರವಿಲ್ಲದೆ ಕೆಲವು ಗಂಟೆ ವಿಶ್ರಮಿಸಿದ ಬ್ಯಾಟರಿ 12.6ರಿಂದ 12.7 ವೋಲ್ಟ್ ತೋರಿಸುತ್ತದೆ. 12.4 ಇದ್ದರೆ ಮುಕ್ಕಾಲು ಭಾಗ, 12.2 ಇದ್ದರೆ ಅರ್ಧ, 12.0 ಇದ್ದರೆ ಕಾಲು ಭಾಗ ಉಳಿದಿದೆ ಎಂದು ಸ್ಥೂಲವಾಗಿ ತಿಳಿಯಬಹುದು. ವಾಹನ ಆಗ ತಾನೇ ಓಡಿ ಬಂದಿದ್ದರೆ ಈ ಅಂಕಿ ಸುಳ್ಳಾಗಿ ಹೆಚ್ಚು ತೋರುತ್ತದೆ. ಆದ್ದರಿಂದ ಬೆಳಿಗ್ಗೆ, ಕೀಲಿ ತಿರುಗಿಸುವ ಮೊದಲೇ ಅಳೆಯುವುದು ಸೂಕ್ತ.

ಆದರೆ ಇಷ್ಟರಿಂದಲೇ ತೀರ್ಮಾನಕ್ಕೆ ಬರಬಾರದು. ಭಾರವಿಲ್ಲದಾಗ ಎಲ್ಲ ಜೋಡಣೆಗಳೂ ಒಳ್ಳೆಯವಾಗಿಯೇ ಕಾಣುತ್ತವೆ. ಸೆಲ್ಫ್ ಮೋಟಾರ್ ತಿರುಗುವಾಗ ಸುಮಾರು 150 ಆಂಪಿಯರ್ ಅಥವಾ ಅದಕ್ಕೂ ಹೆಚ್ಚು ವಿದ್ಯುತ್ ಹರಿಯುತ್ತದೆ. ತುಕ್ಕು ಹಿಡಿದ ಒಂದು ಜೋಡಣೆಯಲ್ಲಿ ಒಂದು ಓಮ್‌ನ ನೂರನೆಯ ಒಂದು ಭಾಗದಷ್ಟು, ಅಂದರೆ 0.01 ಓಮ್, ರೋಧವಿದ್ದರೂ ಓಮ್‌ನ ನಿಯಮದಂತೆ 1.5 ವೋಲ್ಟ್ ಅಲ್ಲಿಯೇ ನಷ್ಟವಾಗುತ್ತದೆ ಮತ್ತು 225 ವ್ಯಾಟ್ ಶಾಖವಾಗಿ ಮಾರ್ಪಡುತ್ತದೆ. ಇಷ್ಟು ಸಣ್ಣ ರೋಧವನ್ನು ಸಾಮಾನ್ಯ ಮೀಟರಿನ ಓಮ್ ಮಾಪನದಲ್ಲಿ ಹಿಡಿಯಲಾಗದು. ಅದನ್ನು ವೋಲ್ಟೇಜ್ ಇಳಿಕೆಯ ಪರೀಕ್ಷೆಯಿಂದ ಹಿಡಿಯಬೇಕು.

ಕ್ರಮ ಹೀಗಿದೆ. ಗೇರ್ ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್ ಬ್ರೇಕ್ ಹಾಕಿ, ಎಂಜಿನ್ ಚಾಲೂ ಆಗದಂತೆ ಡೀಸೆಲ್ ಬಂದ್ ಮಾಡುವ ಸಂಪರ್ಕವನ್ನು ಮೆಕ್ಯಾನಿಕ್‌ನಿಂದ ಬಿಡಿಸಿಕೊಳ್ಳಬೇಕು. ಒಬ್ಬರು ಕೀಲಿ ತಿರುಗಿಸುವಾಗ ಇನ್ನೊಬ್ಬರು ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆಯೇ (ಕ್ಲಾಂಪಿನ ಮೇಲಲ್ಲ), ಇನ್ನೊಂದನ್ನು ಎಂಜಿನ್‌ನ ಬರಿಯ ಲೋಹದ ಮೇಲೆ ಒತ್ತಿ ಹಿಡಿಯಬೇಕು. ಈ ಅಂಕಿ 0.3 ವೋಲ್ಟ್ ಮೀರಬಾರದು. ಬಳಿಕ ಪಾಸಿಟಿವ್ ಕಂಬದಿಂದ ಸೆಲ್ಫ್ ಮೋಟಾರಿನ ದಪ್ಪ ಬೋಲ್ಟಿಗೆ ಅಳೆದರೆ 0.5 ವೋಲ್ಟ್ ಒಳಗಿರಬೇಕು. ಕೊನೆಗೆ ಬ್ಯಾಟರಿಯ ಎರಡು ಕಂಬಗಳ ನಡುವೆ: ಚೆನ್ನಾಗಿ ಚಾರ್ಜ್ ಆದ ಬ್ಯಾಟರಿಯು ಸೆಲ್ಫ್ ತಿರುಗುವಾಗಲೂ 9.6 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ಪ್ರತಿ ಸಲವೂ ಹತ್ತು ಸೆಕೆಂಡಿಗಿಂತ ಹೆಚ್ಚು ತಿರುಗಿಸಬಾರದು. ನಡುವೆ ಮೋಟಾರ್ ತಣಿಯಲು ಬಿಡಬೇಕು.

ನಮ್ಮ ಪಂಚಾಯತಿ ಕಚೇರಿಯ ಮುಂದೆ ಹಲವು ಸಲ ನಿಂತುಹೋದ ಒಂದು ವಾಹನವನ್ನು ಹೀಗೆ ಪರೀಕ್ಷಿಸುವ ಅವಕಾಶ ನನಗೆ ಒದಗಿತ್ತು. ಮೂರು ವರ್ಷಗಳಲ್ಲಿ ಅದಕ್ಕೆ ಮೂರು ಬ್ಯಾಟರಿಗಳನ್ನು ಹಾಕಲಾಗಿತ್ತು. "ಸರ್, ಇನ್ನು ಗಾಡೀನೇ ಬದಲಾಯಿಸಬೇಕು, ಬೇರೆ ದಾರಿ ಇಲ್ಲ" ಎಂದು ಚಾಲಕರು ಕೈಚೆಲ್ಲಿದ್ದರು. ಸೆಲ್ಫ್ ತಿರುಗುವಾಗ ಬ್ಯಾಟರಿಯ ಕಂಬಗಳ ನಡುವೆ 11.0 ವೋಲ್ಟ್ ಇದ್ದು, ಸೆಲ್ಫ್ ಮೋಟಾರಿಗೆ ತಲುಪುತ್ತಿದ್ದುದು 8.6 ಮಾತ್ರ. ನಷ್ಟವಾದ 2.4 ವೋಲ್ಟಿನಲ್ಲಿ ಪಾಸಿಟಿವ್ ಬದಿಯ ಪಾಲು 0.5, ನೆಗೆಟಿವ್ ಬದಿಯ ಪಾಲು 1.9. ಎಂಜಿನ್ ರಬ್ಬರ್ ದಿಂಬುಗಳ ಮೇಲೆ ಕೂತಿರುವುದರಿಂದ ಅದಕ್ಕೂ ಚಾಸಿಸ್‌ಗೂ ಲೋಹದ ಸಂಪರ್ಕ ತಾನಾಗಿ ಇರುವುದಿಲ್ಲ. ಹೆಣೆದ ತಾಮ್ರದ ಒಂದು ಪಟ್ಟಿಯ ಮೂಲಕವೇ ಇಡೀ ವಿದ್ಯುತ್ ಮರಳಬೇಕು. ಆ ಪಟ್ಟಿಯ ಎಳೆಗಳು ಹಸಿರುಗಟ್ಟಿ ಮುಕ್ಕಾಲು ಭಾಗ ಉದುರಿದ್ದವು. ಹೊಸ ಪಟ್ಟಿ ಹಾಕಿ, ಬೋಲ್ಟ್ ಕೂರುವ ಜಾಗದ ಬಣ್ಣ ಮತ್ತು ತುಕ್ಕನ್ನು ಉಜ್ಜಿ ತೆಗೆದ ಮೇಲೆ ಅದೇ ಬ್ಯಾಟರಿಯಿಂದ ಎಂಜಿನ್ ಮೊದಲ ತಿರುವಿಗೇ ಹಿಡಿಯಿತು.

ಹಾಗಾದರೆ ಹೊಸ ಬ್ಯಾಟರಿ ಹಾಕಿದಾಗಲೆಲ್ಲ ಕೆಲವು ತಿಂಗಳು ವಾಹನ ಸರಿಯಾಗಿ ಓಡುತ್ತಿದ್ದುದು ಹೇಗೆ ಎಂಬ ಪ್ರಶ್ನೆ ಏಳುವುದು ಸಹಜ. ಹೊಸ ಬ್ಯಾಟರಿಯ ಬಲ ಸ್ವಲ್ಪ ಹೆಚ್ಚಾದುದರಿಂದ ದಾರಿಯಲ್ಲಿ ಸೋರಿದರೂ ಸಾಕಾಗುವಷ್ಟು ಉಳಿಯುತ್ತಿತ್ತು. ಅಲ್ಲದೆ ಬ್ಯಾಟರಿ ಕೂರಿಸುವವರು ಟರ್ಮಿನಲ್‌ಗಳನ್ನು ಉಜ್ಜಿ ಬಿಗಿ ಮಾಡುತ್ತಾರೆ. ಅರ್ಧ ಗುಣ ಅದರಿಂದಲೇ ಬಂದಿರುತ್ತದೆ. ಬ್ಯಾಟರಿ ಬದಲಿಸಿದ ಮೇಲೆ ಸರಿಹೋಯಿತು ಎಂಬುದು ಬ್ಯಾಟರಿ ಕೆಟ್ಟಿತ್ತು ಎಂಬುದಕ್ಕೆ ಸಾಕ್ಷ್ಯವಲ್ಲ. ಈ ಪಟ್ಟಿ ಸಂಪೂರ್ಣ ಕಡಿದರೆ ವಿದ್ಯುತ್ ಬೇರೆ ದಾರಿ ಹುಡುಕಿಕೊಂಡು ಆಕ್ಸಿಲರೇಟರ್ ಕೇಬಲ್, ಗೇರ್ ಕೇಬಲ್‌ಗಳ ಉಕ್ಕಿನ ತಂತಿಯಲ್ಲಿ ಹರಿಯುತ್ತದೆ. ಸೆಲ್ಫ್ ಹೊಡೆದಾಗ ಆಕ್ಸಿಲರೇಟರ್ ಕೇಬಲ್ ಬಿಸಿಯಾಗುತ್ತಿದ್ದರೆ ಇದೇ ಕಾರಣವನ್ನು ಮೊದಲು ಶಂಕಿಸಬೇಕು.

ಇನ್ನೊಂದು ಸಾಮಾನ್ಯ ದೂರು, ರಜೆ ಕಳೆದು ಬಂದಾಗ ಗಾಡಿ ಹಿಡಿಯುವುದಿಲ್ಲ ಎಂಬುದು. ಕೀಲಿ ತೆಗೆದ ಮೇಲೂ ಹರಿಯುವ ಸಣ್ಣ ವಿದ್ಯುತ್ 50 ಮಿಲಿಆಂಪಿಯರ್ ಮೀರಬಾರದು. ವಾಹನದ ಜೀವಿತಾವಧಿಯಲ್ಲಿ ಒಂದರ ಮೇಲೊಂದು ಸೇರಿಸಿದ ಜಿಪಿಎಸ್ ಸಾಧನ, ಮೈಕ್ ಸೆಟ್ಟು, ಮೊಬೈಲ್ ಚಾರ್ಜರ್‌ಗಳನ್ನು ಕೀಲಿಯ ನಿಯಂತ್ರಣವಿಲ್ಲದೆ ನೇರವಾಗಿ ಬ್ಯಾಟರಿಗೆ ಜೋಡಿಸಿರುತ್ತಾರೆ. ಒಟ್ಟು 300 ಮಿಲಿಆಂಪಿಯರ್ ಹರಿದರೆ ದಿನಕ್ಕೆ 7.2 ಆಂಪಿಯರ್-ಗಂಟೆ ಖರ್ಚು. ಎರಡನೇ ಶನಿವಾರ, ಭಾನುವಾರ, ಸೋಮವಾರದ ಹಬ್ಬ ಸೇರಿದರೆ ಸುಮಾರು 22. ಅರ್ಧ ತುಂಬಿದ ಬ್ಯಾಟರಿಗೆ ಇಷ್ಟು ಸಾಕು. ಬ್ಯಾಟರಿಯ ನೆಗೆಟಿವ್ ಬದಿಯಲ್ಲಿ ಒಂದು ಕೈಸ್ವಿಚ್ ಅಳವಡಿಸಿ, ರಜೆಗೆ ಮುನ್ನ ಆರಿಸಿ ಹೋಗುವುದು ಅಗ್ಗದ ಪರಿಹಾರ.

ಸೇವಾ ಬ್ಯಾಟರಿ: ಆಯ-ವ್ಯಯದ ಲೆಕ್ಕ

ಪಂಚಾಯತಿಯಲ್ಲಿ ಆಯ-ವ್ಯಯ ಬರೆದು ರೂಢಿಯಿರುವ ನಮಗೆ ಈ ಭಾಗ ಸುಲಭವಾಗಬೇಕು. ಫ್ರಿಜ್ 4 ಆಂಪಿಯರ್ ಎಳೆಯುತ್ತ ದಿನದ ಅರ್ಧ ಕಾಲ ಓಡಿದರೆ 48 ಆಂಪಿಯರ್-ಗಂಟೆ. ಒಟ್ಟು 30 ವ್ಯಾಟಿನ ಎಲ್‌ಇಡಿ ದೀಪಗಳು 5 ಗಂಟೆ ಉರಿದರೆ 12.5. ಎರಡು ಫ್ಯಾನುಗಳು ಸೇರಿ 3.5 ಆಂಪಿಯರ್‌ನಂತೆ 5 ಗಂಟೆಗೆ 17.5. ಇನ್ವರ್ಟರ್ ಮೂಲಕ ಲ್ಯಾಪ್‌ಟಾಪ್ 6 ಆಂಪಿಯರ್‌ನಂತೆ 4 ಗಂಟೆಗೆ 24. ಒಟ್ಟು ವ್ಯಯ 102. ಆಯದ ಕಡೆ, ದಿನಕ್ಕೆ ಎರಡು ಗಂಟೆ ಓಡಿ ಸರಾಸರಿ 20 ಆಂಪಿಯರ್ ಚಾರ್ಜ್ ಆದರೆ 40. ಉಳಿದ 62 ಆಂಪಿಯರ್-ಗಂಟೆಯನ್ನು ಬ್ಯಾಟರಿಯ ಮೂಲ ಬಂಡವಾಳದಿಂದ ತೆಗೆಯುತ್ತಿದ್ದೇವೆ. ರಾತ್ರಿ ಕಚೇರಿಯ ಪ್ಲಗ್ಗಿನಿಂದ ಚಾರ್ಜ್ ಮಾಡಿ ಅದನ್ನು ಮರಳಿ ತುಂಬಬೇಕು.

150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ತೆಗೆಯದಿರುವುದು ಅದರ ಆಯುಷ್ಯಕ್ಕೆ ಹಿತ. ಅಂದರೆ 75ರವರೆಗೆ ತೆಗೆಯಬಹುದು. ಹೊಸದಿದ್ದಾಗ 62ರ ಖರ್ಚು ಇದರೊಳಗೆ ಸರಿಹೋಗುತ್ತದೆ. ವರ್ಷಗಳು ಕಳೆದು ಬ್ಯಾಟರಿಯ ಶಕ್ತಿ 90ಕ್ಕೆ ಇಳಿದರೆ, ಅದರ ಅರ್ಧ 45 ಮಾತ್ರ. ಮಧ್ಯಾಹ್ನ ಎರಡು ಗಂಟೆಗೆ ಇನ್ವರ್ಟರ್ ಕೂಗಿಕೊಳ್ಳಲು ಆರಂಭಿಸುವುದು ಇದರಿಂದ. ಆಗ ಇನ್ವರ್ಟರ್ ಬದಲಿಸಿದರೆ ಪ್ರಯೋಜನವಿಲ್ಲ. ಬ್ಯಾಟರಿಯನ್ನು ಅರ್ಧ ಇಳಿದ ಸ್ಥಿತಿಯಲ್ಲಿ ದಿನಗಟ್ಟಲೆ ಬಿಟ್ಟರೆ ಸೀಸದ ಸಲ್ಫೇಟು ಫಲಕಗಳ ಮೇಲೆ ಗಟ್ಟಿಯಾಗಿ ಕೂತು ಶಕ್ತಿ ಶಾಶ್ವತವಾಗಿ ಕುಗ್ಗುತ್ತದೆ. ಶಿಬಿರವಿಲ್ಲದ ದಿನವೂ ಚಾರ್ಜ್ ಮಾಡಬೇಕು ಎನ್ನುವುದಕ್ಕೆ ಕಾರಣ ಇದು. ಬಿಸಿಲೂ ಶತ್ರುವೇ. ಉಷ್ಣಾಂಶವು 25 ಡಿಗ್ರಿಗಿಂತ ಪ್ರತಿ 10 ಡಿಗ್ರಿ ಹೆಚ್ಚಾದಂತೆ ಬ್ಯಾಟರಿಯ ಆಯುಷ್ಯ ಸುಮಾರು ಅರ್ಧವಾಗುತ್ತದೆ ಎಂಬುದು ತಂತ್ರಜ್ಞರು ಬಳಸುವ ಸ್ಥೂಲ ನಿಯಮ. ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯನ್ನು ನೆನೆದರೆ ನೆರಳಿನ ಶೆಡ್ಡಿಗೆ ಮಾಡಿದ ಖರ್ಚು ದುಂದು ಎನಿಸುವುದಿಲ್ಲ.

ಇನ್ವರ್ಟರ್‌ಗೆ ಹೋಗುವ ತಂತಿಯ ದಪ್ಪವನ್ನು ಯಾರೂ ಗಮನಿಸುವುದಿಲ್ಲ. 600 ವ್ಯಾಟ್ ಭಾರಕ್ಕೆ, ಇನ್ವರ್ಟರ್‌ನ ಸ್ವಂತ ನಷ್ಟವನ್ನೂ ಸೇರಿಸಿದರೆ, 12 ವೋಲ್ಟ್ ಬದಿಯಲ್ಲಿ ಸುಮಾರು 60 ಆಂಪಿಯರ್ ಬೇಕು. ಬ್ಯಾಟರಿ ಹಿಂಬದಿಯಲ್ಲಿದ್ದು ಇನ್ವರ್ಟರ್ 4 ಮೀಟರ್ ದೂರದಲ್ಲಿದ್ದರೆ ಹೋಗಿ ಬರುವ ತಾಮ್ರದ ಉದ್ದ 8 ಮೀಟರ್. 6 ಚದರ ಮಿಲಿಮೀಟರಿನ ತಂತಿಯಾದರೆ ದಾರಿಯಲ್ಲಿಯೇ 1.38 ವೋಲ್ಟ್ ನಷ್ಟ. 25 ಚದರ ಮಿಲಿಮೀಟರಿನದಾದರೆ 0.33 ವೋಲ್ಟ್ ಮಾತ್ರ. ಮೊದಲನೆಯ ತಂತಿಯಲ್ಲಿ 80 ವ್ಯಾಟಿಗೂ ಹೆಚ್ಚು ಶಾಖವು ಸೀಟಿನ ಕೆಳಗೆ, ರೆಗ್ಜಿನ್ ಹೊದಿಕೆಯ ಹಿಂದೆ ಹುಟ್ಟುತ್ತಿರುತ್ತದೆ. ಇನ್ವರ್ಟರನ್ನು ಬ್ಯಾಟರಿಯ ಸಮೀಪಕ್ಕೆ ಸರಿಸಿ, ದೂರಕ್ಕೆ 230 ವೋಲ್ಟಿನ ತಂತಿಯನ್ನು ಒಯ್ಯುವುದೇ ಜಾಣತನ. ಸ್ಟೆರಿಲೈಸರ್‌ನಂತಹ 1500 ವ್ಯಾಟಿನ ಉಪಕರಣವನ್ನು ಇನ್ವರ್ಟರ್ ಮೇಲೆ ನಡೆಸಲೇಬಾರದು. ಹೊರಗಿನ ವಿದ್ಯುತ್ ಇದ್ದಾಗ ಮಾತ್ರ ಬಳಸತಕ್ಕದ್ದು.

ಫ್ಯೂಸ್

ಫ್ಯೂಸ್ ಇರುವುದು ಉಪಕರಣದ ರಕ್ಷಣೆಗೆ ಎಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಅದು ತಂತಿಯನ್ನು ಕಾಯುತ್ತದೆ. ತಂತಿ ತಾಳಬಲ್ಲ ವಿದ್ಯುತ್ತಿಗಿಂತ ಫ್ಯೂಸಿನ ಅಳತೆ ಕಡಿಮೆಯಿರಬೇಕು, ಮತ್ತು ಅದು ಬ್ಯಾಟರಿಗೆ ಆದಷ್ಟು ಹತ್ತಿರ, ಪಾಸಿಟಿವ್ ಬದಿಯಲ್ಲಿ ಇರಬೇಕು. ಫ್ಯೂಸಿಗೂ ಬ್ಯಾಟರಿಗೂ ನಡುವಿನ ತಂತಿ ಎಲ್ಲಿಯಾದರೂ ಉಜ್ಜಿ ಚಾಸಿಸ್‌ಗೆ ತಗುಲಿದರೆ ಅದನ್ನು ಕಾಯುವವರು ಯಾರೂ ಇಲ್ಲ. ದೊಡ್ಡ ಬ್ಯಾಟರಿಯೊಂದು ಹ್ರಸ್ವಮಂಡಲವಾದಾಗ ಸಾವಿರ ಆಂಪಿಯರ್‌ಗೂ ಹೆಚ್ಚು ಹರಿಸಬಲ್ಲದು. 12 ವೋಲ್ಟ್ ಕೈಗೆ ಹೊಡೆಯುವುದಿಲ್ಲ ಎಂಬ ಧೈರ್ಯ ಬೆಂಕಿಯ ವಿಷಯದಲ್ಲಿ ಉಪಯೋಗಕ್ಕೆ ಬಾರದು.

ಚಪ್ಪಟೆ ಫ್ಯೂಸುಗಳಿಗೆ ಬಣ್ಣದ ಗುರುತು ಉಂಟು: ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪಿಯರ್. ಹಳೆಯ ವಾಹನದ ಫ್ಯೂಸ್ ಪೆಟ್ಟಿಗೆ ತೆರೆದರೆ ಕೆಂಪು ಇರಬೇಕಾದ ಮನೆಯಲ್ಲಿ ಹಸಿರು ಕೂತಿರುವುದು, ಅದಕ್ಕಿಂತ ಕೆಟ್ಟದಾಗಿ ತಾಮ್ರದ ಎಳೆಯನ್ನೋ ಸಿಗರೇಟು ಪ್ಯಾಕಿನ ಬೇಗಡೆಯನ್ನೋ ತುರುಕಿರುವುದು ಕಾಣಸಿಗುತ್ತದೆ. ಫ್ಯೂಸ್ ಪದೇಪದೇ ಸುಡುತ್ತಿದ್ದರೆ ಅದು ತಾಳ್ಮೆಯಿಂದ ದೂರು ಕೊಡುತ್ತಿದೆ ಎಂದರ್ಥ. ದೂರುದಾರನ ಬಾಯಿ ಮುಚ್ಚಿಸುವುದು ಪರಿಹಾರವಲ್ಲ. ಪ್ರತಿ ಮನೆಯ ಸರಿಯಾದ ಅಳತೆಯನ್ನು ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಬದಿಗೆ ಅಂಟಿಸಿ, ಬದಲಿ ಫ್ಯೂಸುಗಳನ್ನು ಪೆಟ್ಟಿಗೆಯಲ್ಲಿಯೇ ಇಡಬೇಕು.

ಹೊರಗಿನ 230 ವೋಲ್ಟ್ ಸಂಪರ್ಕ: ಪಂಚಾಯತಿಯ ಹೊಣೆ

ಈ ವಿಷಯ ನಮ್ಮ ಅಧಿಕಾರಿಗಳಿಗೆ ನೇರವಾಗಿ ಸಂಬಂಧಿಸಿದ್ದು. ವಾಹನ ಆರೋಗ್ಯ ಇಲಾಖೆಯದು, ಚಾಲಕರು ಹೊರಗುತ್ತಿಗೆಯವರು, ವೈರ್ ಯಾರೋ ತಂದದ್ದು, ಪ್ಲಗ್ ಮಾತ್ರ ಪಂಚಾಯತಿಯದು. ಹೀಗೆ ಹೊಣೆ ಹಂಚಿಹೋದ ಜಾಗದಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯ ಕೂತಿದೆ.

ವಾಹನವು ರಬ್ಬರ್ ಚಕ್ರಗಳ ಮೇಲೆ ನಿಂತಿರುವುದರಿಂದ ಅದರ ಲೋಹದ ಮೈಗೆ ಭೂಮಿಯೊಡನೆ ಸಂಪರ್ಕವಿಲ್ಲ. ಒಳಗಿನ ಯಾವುದೋ ಉಪಕರಣದ ಫೇಸ್ ತಂತಿಯ ಹೊದಿಕೆ ಸವೆದು ಮೈಗೆ ತಗುಲಿದರೆ ಇಡೀ ವಾಹನದ ಮೈ 230 ವೋಲ್ಟಿಗೆ ಏರುತ್ತದೆ. ಒಳಗಿರುವವರಿಗೆ ಏನೂ ತಿಳಿಯುವುದಿಲ್ಲ, ಏಕೆಂದರೆ ಅವರು ನಿಂತಿರುವ ನೆಲವೂ ಅದೇ ವೋಲ್ಟೇಜಿನಲ್ಲಿದೆ. ಮಳೆಯಲ್ಲಿ ಬರಿಗಾಲಲ್ಲಿ ಬಂದ ಅಜ್ಜಿಯೊಬ್ಬರು ಮೆಟ್ಟಿಲು ಹತ್ತಲು ಹಿಡಿಕೆಗೆ ಕೈ ಹಾಕಿದಾಗ ಭೂಮಿಗೂ ವಾಹನಕ್ಕೂ ನಡುವೆ ಇರುವ ಏಕೈಕ ತಂತಿ ಅವರ ಶರೀರ. ಒದ್ದೆ ಶರೀರದ ರೋಧವನ್ನು 1000 ಓಮ್ ಎಂದು ಹಿಡಿದರೆ 230 ಮಿಲಿಆಂಪಿಯರ್ ಹರಿಯುತ್ತದೆ. ಹೃದಯದ ಬಡಿತ ಕೆಡಿಸಲು ಅದಕ್ಕಿಂತ ಬಹಳ ಕಡಿಮೆ ಸಾಕು.

ಇದನ್ನು ತಡೆಯಲು ಎರಡು ರಕ್ಷಣೆಗಳು ಒಟ್ಟಿಗೆ ಇರಬೇಕು. ಮೊದಲನೆಯದು ಗಟ್ಟಿಯಾದ ಭೂಸಂಪರ್ಕ: ಮೂರು ತಂತಿಯ ಕೇಬಲ್‌ನ ಹಸಿರು ತಂತಿಯು ಒಂದು ಕಡೆ ವಾಹನದ ಚಾಸಿಸ್‌ಗೆ ಬೋಲ್ಟ್ ಆಗಿರಬೇಕು, ಇನ್ನೊಂದು ಕಡೆ ಪ್ಲಗ್ಗಿನ ದೊಡ್ಡ ಪಿನ್ನಿನ ಮೂಲಕ ಕಚೇರಿಯ ಅರ್ತಿಂಗ್ ಗುಂಡಿಯನ್ನು ತಲುಪಬೇಕು. ಎರಡನೆಯದು ವಾಹನದ ಪ್ರವೇಶದಲ್ಲಿಯೂ ಕಚೇರಿಯ ಆ ಪ್ಲಗ್ಗಿನ ಸಾಲಿನಲ್ಲಿಯೂ 30 ಮಿಲಿಆಂಪಿಯರ್ ಆರ್‌ಸಿಸಿಬಿ. ಫೇಸ್‌ನಲ್ಲಿ ಹೋದದ್ದು ನ್ಯೂಟ್ರಲ್‌ನಲ್ಲಿ ಮರಳದಿದ್ದರೆ ಅದು ಕ್ಷಣಾರ್ಧದಲ್ಲಿ ಕಡಿತಗೊಳಿಸುತ್ತದೆ. ಭೂಸಂಪರ್ಕ ಸರಿಯಿದ್ದರೆ ಫೇಸ್ ಮೈಗೆ ತಗುಲಿದ ಕೂಡಲೇ, ಯಾರೂ ಮುಟ್ಟುವ ಮೊದಲೇ, ಆರ್‌ಸಿಸಿಬಿ ಬೀಳುತ್ತದೆ. ಭೂಸಂಪರ್ಕವಿಲ್ಲದಿದ್ದರೆ ಯಾರಾದರೂ ಮುಟ್ಟಿದ ಮೇಲೆ ಬೀಳುತ್ತದೆ. ಎರಡರ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ. ಎಂಸಿಬಿ ಇದೆಯಲ್ಲ ಎಂಬ ವಾದ ಇಲ್ಲಿ ಸಲ್ಲದು. 16 ಆಂಪಿಯರ್‌ನ ಎಂಸಿಬಿಗೆ 230 ಮಿಲಿಆಂಪಿಯರ್ ಗಮನಕ್ಕೇ ಬರುವುದಿಲ್ಲ.

ಪ್ಲಗ್ ಪರೀಕ್ಷಿಸುವಾಗ ಒಂದು ಮೋಸವುಂಟು. ಫೇಸ್‌ಗೂ ಅರ್ತ್‌ಗೂ ನಡುವೆ ಮೀಟರ್ 230 ತೋರಿಸಿದರೆ ಅರ್ತಿಂಗ್ ಸರಿಯಿದೆ ಎಂದು ಬರೆದುಬಿಡುತ್ತಾರೆ. ಡಿಜಿಟಲ್ ಮೀಟರ್ ಅತ್ಯಲ್ಪ ವಿದ್ಯುತ್ ಎಳೆಯುವುದರಿಂದ, ಒಣಗಿ ಹಾಳಾದ ಗುಂಡಿಯ ಮೂಲಕವೂ ಅದು 230 ತೋರಿಸುತ್ತದೆ. ಭೂಸಂಪರ್ಕದ ರೋಧವನ್ನು ಅರ್ತ್ ಟೆಸ್ಟರ್‌ನಿಂದಲೇ ಅಳೆಯಿಸಬೇಕು. ಈ ಕೆಲಸವನ್ನು ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರಿಂದ, ಐಎಸ್ 3043 ಸಂಹಿತೆಯ ಪ್ರಕಾರ ಮಾಡಿಸಿ, ಅಂಕಿಯನ್ನೂ ದಿನಾಂಕವನ್ನೂ ಗುಂಡಿಯ ಬಳಿಯ ಫಲಕದಲ್ಲಿ ಬರೆಸತಕ್ಕದ್ದು. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕಿಸುವುದು ನೀರುಗಂಟಿಗಳ ಕೆಲಸದ ಪಟ್ಟಿಯಲ್ಲಿ ಸೇರಲಿ. ಆರ್‌ಸಿಸಿಬಿಯ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಬೀಳದಿದ್ದರೆ ಆ ದಿನವೇ ಬದಲಿಸಬೇಕು.

ಇನ್ನು ಕೇಬಲ್. ತೋರಣದ ದೀಪಕ್ಕೆ ಬಳಸುವ ತೆಳು ವೈರನ್ನು, ಭೂಸಂಪರ್ಕದ ಪಿನ್ ಇಲ್ಲದ ಎರಡು ಪಿನ್ನಿನ ಪ್ಲಗ್ಗನ್ನು ವಾಹನಕ್ಕೆ ಎಂದೂ ಬಳಸಬಾರದು. ರಬ್ಬರ್ ಹೊದಿಕೆಯ ಮೂರು ತಂತಿಯ, 2.5 ಚದರ ಮಿಲಿಮೀಟರಿನ ಕೇಬಲ್ ಬೇಕು. ಅದನ್ನು ಸುರುಳಿಯಲ್ಲಿಯೇ ಬಿಟ್ಟು ಭಾರ ಹಾಕಿದರೆ ಒಳಸುತ್ತುಗಳು ಕಾದು ಹೊದಿಕೆ ಕರಗುತ್ತದೆ. ಪೂರ್ತಿ ಬಿಚ್ಚಿ ಹಾಸಬೇಕು. ಎರಡೂ ತುದಿಗಳಲ್ಲಿ ಪಿನ್ ಇರುವ ವೈರನ್ನು ಕೆಲವೆಡೆ ಜನರೇಟರ್ ಜೋಡಿಸಲು ತಯಾರಿಸಿಟ್ಟಿರುತ್ತಾರೆ. ಒಂದು ತುದಿ ಪ್ಲಗ್ಗಿನಲ್ಲಿರುವಾಗ ಇನ್ನೊಂದು ತುದಿಯ ಬರಿಯ ಪಿನ್ನುಗಳಲ್ಲಿ 230 ವೋಲ್ಟ್ ಇರುತ್ತದೆ. ಅಂತಹುದು ಕಂಡರೆ ಕತ್ತರಿಸಿ ಹಾಕಿಸಿ; ಈ ವಿಷಯದಲ್ಲಿ ಯಾರ ಅನುಮತಿಗೂ ಕಾಯಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಇನ್ವರ್ಟರ್ ಮತ್ತು ಹೊರಗಿನ ವಿದ್ಯುತ್ ಯಾವ ಕಾರಣಕ್ಕೂ ಒಂದನ್ನೊಂದು ಕೂಡಬಾರದು. ಅವುಗಳ ನಡುವಿನ ಚೇಂಜ್‌ಓವರ್ ಸ್ವಿಚ್ ಫೇಸ್ ಹಾಗೂ ನ್ಯೂಟ್ರಲ್ ಎರಡನ್ನೂ ಕಡಿಯುವಂಥದ್ದಾಗಿರಬೇಕು.

ನಿತ್ಯದ ನಿಗಾ

ಆರೋಗ್ಯ ವಾಹನದ ನೆಲ, ಗೋಡೆಗಳನ್ನು ಹೈಪೋಕ್ಲೋರೈಟ್ ದ್ರಾವಣದಿಂದ ಒರೆಸುತ್ತಾರೆ. ಅದು ಲೋಹವನ್ನು ತಿನ್ನುತ್ತದೆ; ಸೀಟಿನ ಕೆಳಗಿನ ಬ್ಯಾಟರಿ ಪೆಟ್ಟಿಗೆಗೆ ಹರಿಯದಂತೆ ನೋಡಿಕೊಳ್ಳಬೇಕು. ಟರ್ಮಿನಲ್ ಮೇಲೆ ಕೂತ ಬಿಳಿ-ಹಸಿರು ಪುಡಿಯನ್ನು ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಒರೆಸಿ, ಬಿಗಿ ಮಾಡಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಬೇಕು. ಬ್ಯಾಟರಿಗೆ ಡಿಸ್ಟಿಲ್ಡ್ ನೀರನ್ನಲ್ಲದೆ ಕೊಳವೆಬಾವಿಯ ನೀರನ್ನು ಹಾಕಬಾರದು. ನೀರು ಬೇಗಬೇಗ ಇಳಿಯುತ್ತಿದ್ದರೆ ಆಲ್ಟರ್ನೇಟರ್ 14.8 ವೋಲ್ಟಿಗೂ ಮೀರಿ ಚಾರ್ಜ್ ಮಾಡುತ್ತಿದೆಯೇ ಎಂದು ಅಳೆಯಬೇಕು. ಚಾರ್ಜ್ ಆಗುವಾಗ ಹೊರಬರುವ ಜಲಜನಕವು ಗಾಳಿಯಲ್ಲಿ ಶೇಕಡಾ 4ರಷ್ಟಾದರೂ ಕಿಡಿಗೆ ಹೊತ್ತಿಕೊಳ್ಳಬಲ್ಲದು. ಬ್ಯಾಟರಿ ಪೆಟ್ಟಿಗೆಯ ಮೇಲ್ಭಾಗದ ಗಾಳಿಕಿಂಡಿಗೆ ಚಿಂದಿ ತುರುಕಬಾರದು. ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ. ಹೆಗ್ಗಣ, ಇಲಿಗಳ ಕಾಟವಿರುವ ಶೆಡ್ಡಿನಲ್ಲಿ ವಾಹನವಿದ್ದರೆ ತಿಂಗಳಿಗೊಮ್ಮೆ ಸೀಟುಗಳನ್ನು ಎತ್ತಿ ತಂತಿಗಳನ್ನು ಕಣ್ಣಾರೆ ನೋಡಲೇಬೇಕು.

ದಾಖಲೆ ಮತ್ತು ಅಂದಾಜು ಪಟ್ಟಿ

ವಾಹನದ ಲಾಗ್ ಪುಸ್ತಕದಲ್ಲಿ ಕಿಲೋಮೀಟರ್ ಹಾಗೂ ಡೀಸೆಲ್‌ಗೆ ಅಂಕಣವಿದೆ, ವಿದ್ಯುತ್ತಿಗೆ ಇಲ್ಲ. ಅದರ ಕೊನೆಯ ಪುಟಗಳಲ್ಲಿ ಐದು ಅಂಕಣ ಎಳೆದುಕೊಂಡರೆ ಸಾಕು: ಬೆಳಗಿನ ವಿಶ್ರಾಂತ ವೋಲ್ಟೇಜ್ ಎರಡೂ ಬ್ಯಾಟರಿಗಳದು, ಎಂಜಿನ್ ಓಡುವಾಗಿನ ವೋಲ್ಟೇಜ್, ಸೆಲ್ಫ್ ತಿರುಗುವಾಗಿನ ಕನಿಷ್ಠ ವೋಲ್ಟೇಜ್, ಸುಟ್ಟ ಫ್ಯೂಸಿನ ವಿವರ, ಆರ್‌ಸಿಸಿಬಿ ಪರೀಕ್ಷೆಯ ದಿನಾಂಕ. ಮೊದಲನೆಯದನ್ನು ವಾರಕ್ಕೊಮ್ಮೆ, ಉಳಿದವನ್ನು ತಿಂಗಳಿಗೊಮ್ಮೆ ಬರೆಯಬಹುದು. 12.6 ಇದ್ದದ್ದು ಮೂರು ತಿಂಗಳಲ್ಲಿ ಮೆಲ್ಲಗೆ 12.3ಕ್ಕೆ ಇಳಿಯುತ್ತಿರುವುದು ಇಂತಹ ಪಟ್ಟಿಯಲ್ಲಿ ಮಾತ್ರ ಕಾಣುತ್ತದೆ.

ಬ್ಯಾಟರಿ ಖರೀದಿಯ ಪ್ರಸ್ತಾವನೆ ಬಂದಾಗ ದರಪಟ್ಟಿಗಳ ಜೊತೆಗೆ ಸೆಲ್ಫ್ ತಿರುಗುವಾಗಿನ ಮೂರು ಅಳತೆಗಳನ್ನೂ ಲಗತ್ತಿಸುವಂತೆ ಕೇಳುವುದು ಉಚಿತ. ಅಳತೆಗಳಿಲ್ಲದ ಪ್ರಸ್ತಾವನೆಯನ್ನು ಹಿಂದಿರುಗಿಸಲು ನಿಯಮದ ಅಗತ್ಯವಿಲ್ಲ. ಸಕಾರಣ ಪ್ರಶ್ನೆ ಸಾಕು. ದುರಸ್ತಿಯ ಅಂದಾಜು ಪಟ್ಟಿಯಲ್ಲಿ "ವೈರಿಂಗ್ ಕೆಲಸ, ಒಟ್ಟು" ಎಂಬ ಒಂದೇ ಸಾಲನ್ನು ಒಪ್ಪದೆ, ತಂತಿಯ ಅಡ್ಡಳತೆ, ಉದ್ದ, ಲಗ್ಗುಗಳ ಸಂಖ್ಯೆ, ಫ್ಯೂಸಿನ ಅಳತೆಗಳನ್ನು ಬೇರೆಬೇರೆಯಾಗಿ ಬರೆಸಬೇಕು.

ಬದಲಿಸಿದ ಹಳೆಯ ಬ್ಯಾಟರಿ ಶೆಡ್ಡಿನ ಮೂಲೆಯಲ್ಲಿ ಉಳಿಯಬಾರದು, ಗುಜರಿಯವರ ಸೈಕಲ್ಲಿಗೂ ಏರಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಅದನ್ನು ಮಾರಾಟಗಾರರಿಗೆ ಅಥವಾ ನೋಂದಾಯಿತ ಸಂಗ್ರಹಕಾರರಿಗೆ ಒಪ್ಪಿಸಿ, ವಾಪಸು ಬಂದ ಮೌಲ್ಯವನ್ನು ಹೊಸ ಬ್ಯಾಟರಿಯ ಬಿಲ್ಲಿನಲ್ಲಿ ಕಳೆದು ತೋರಿಸಿ, ಹಳೆಯದರ ಕ್ರಮಸಂಖ್ಯೆಯನ್ನು ದಾಸ್ತಾನು ವಹಿಯಲ್ಲಿ ವಜಾ ಮಾಡತಕ್ಕದ್ದು.